ಸುಳ್ಳು ಕುಸ್ತಿಯೂ ಐವತ್ತು ಬಸ್ಕಿಯೂ

ಮೂವತ್ತು ವರ್ಷಗಳಿಗೂ ಮೀರಿದ ನನ್ನ ಮೇಷ್ಟರಿಕೆಯಲ್ಲಿ ಎಷ್ಟು ಮಕ್ಕಳಿಂದ ಬಸ್ಕಿ ಹೊಡೆಸಿದ್ದೇನೆ ಎಂಬುದಕ್ಕೆ ಲೆಕ್ಕವಿಲ್ಲ. ಮನೆಕೆಲಸ ಮಾಡದವರು, ತಡವಾಗಿ ಬಂದವರು, ಹಿಂದಿನ ಬೆಂಚಿನಲ್ಲಿ ಕುಳಿತು ಹುಣಸೆಹಣ್ಣು ಚೀಪುತ್ತಿದ್ದವರು, ಹೀಗೆ ಪಟ್ಟಿ ಬೆಳೆಯುತ್ತದೆ. ಅವರಲ್ಲಿ ಹೆಚ್ಚಿನವರನ್ನು ನಾನು ಮರೆತಿದ್ದೇನೆ. ಅವರೂ ನನ್ನನ್ನು ಕ್ಷಮಿಸಿದ್ದಾರೆಂದು ನಂಬಿದ್ದೇನೆ. ಆದರೆ ಒಬ್ಬ ಹುಡುಗನ ಐವತ್ತು ಬಸ್ಕಿ ಮಾತ್ರ ಈಚೆಗೆ ನನ್ನನ್ನು ಬಹಳ ಕಾಡಿತು. ಅದರ ಕಥೆಯನ್ನು ಇಂದು ಬರೆಯುತ್ತಿದ್ದೇನೆ. ಕಥೆಯ ಹೆಚ್ಚಿನ ಭಾಗ ನಡೆಯುವುದು ಜಪಾನಿನಲ್ಲಿ, ಅದರಲ್ಲೂ ಕುಸ್ತಿಯ ರಿಂಗಿನಲ್ಲಿ. ‘ಮೇಷ್ಟ್ರಿಗೆ ಅರವತ್ತು ದಾಟಿದ ಮೇಲೆ ಇದೇನು ಹೊಸ ಹುಚ್ಚು’ ಎಂದು ನೀವು ನಗಬಹುದು. ನಕ್ಕುಬಿಡಿ, ಆಮೇಲೆ ಓದಿ.

1996-97ನೆಯ ಸಾಲು. ಹಾಸನ ಜಿಲ್ಲೆಯ ಹೋಬಳಿ ಕೇಂದ್ರವೊಂದರ ಪ್ರೌಢಶಾಲೆ. ಊರಿಗೆ ಆಗತಾನೆ ಕೇಬಲ್ ಟಿ.ವಿ. ಬಂದಿತ್ತು. ಅದರ ಹಿಂದೆಯೇ ಅಮೆರಿಕದ ಡಬ್ಲ್ಯು.ಡಬ್ಲ್ಯು.ಎಫ್. ಕುಸ್ತಿಯೂ, ಆ ಕುಸ್ತಿಪಟುಗಳ ಚಿತ್ರವಿದ್ದ ಕಾರ್ಡುಗಳೂ ಬಂದವು. ಒಂದೊಂದು ಕಾರ್ಡಿನಲ್ಲಿಯೂ ಪಟುವಿನ ಎತ್ತರ, ತೂಕ, ಎದೆಯ ಸುತ್ತಳತೆ, ಶ್ರೇಯಾಂಕ ಅಚ್ಚಾಗಿರುತ್ತಿದ್ದವು. ಹುಡುಗರು ಅದನ್ನು ಇಸ್ಪೀಟಿನಂತೆ ಆಡುತ್ತಿದ್ದರು. ಒಂಬತ್ತನೆಯ ತರಗತಿಯಲ್ಲಿ ನಾನು ಫ್ರಾನ್ಸಿನ ಮಹಾಕ್ರಾಂತಿಯ ಪಾಠ ಮಾಡುತ್ತಿದ್ದಾಗ ಮೂರನೆಯ ಬೆಂಚಿನ ಹುಡುಗನೊಬ್ಬನ ತೊಡೆಯ ಮೇಲೆ ಆ ಕಾರ್ಡುಗಳು ಹರಡಿದ್ದವು. ಹುಡುಗ ದಡ್ಡನಲ್ಲ. ತರಗತಿಯಲ್ಲಿ ಅತ್ಯಂತ ಹೆಚ್ಚು ಪ್ರಶ್ನೆ ಕೇಳುತ್ತಿದ್ದವನು ಅವನೇ. ಅಂದು ನನಗೆ ಏನಾಗಿತ್ತೋ ಕಾಣೆ. ಕಾರ್ಡುಗಳನ್ನು ಕಿತ್ತುಕೊಂಡು ಎಲ್ಲರೆದುರು ಹರಿದು ಬುಟ್ಟಿಗೆ ಹಾಕಿದೆ. ‘ಇದೆಲ್ಲ ಸುಳ್ಳು ಕುಸ್ತಿ ಕಣೋ. ಯಾರು ಗೆಲ್ಲಬೇಕು, ಯಾರು ಸೋಲಬೇಕು ಅಂತ ಮೊದಲೇ ಮಾತಾಡಿಕೊಂಡಿರ್ತಾರೆ’ ಎಂದು ಹೇಳಿದೆ.

ಹುಡುಗ ತಲೆ ಎತ್ತಿ, ‘ಗೊತ್ತು ಸಾರ್, ಆದರೆ...’ ಎಂದ.

ಆ ‘ಗೊತ್ತು’ ಎಂಬ ಮಾತು ನನಗೆ ಉದ್ಧಟತನವಾಗಿ ಕೇಳಿಸಿತು. ‘ಎದುರು ಮಾತಾಡ್ತೀಯಾ?’ ಎಂದು ಗದರಿದೆ. ಇಪ್ಪತ್ತೈದಕ್ಕೆ ನಿಲ್ಲಬೇಕಾಗಿದ್ದ ಬಸ್ಕಿ ಐವತ್ತಾಯಿತು. ‘ಆದರೆ’ ಎಂಬುದರ ಮುಂದೆ ಏನಿತ್ತೆಂದು ನಾನು ಕೇಳಲಿಲ್ಲ. ಅಂದಿನಿಂದ ಆ ಹುಡುಗ ನನ್ನ ತರಗತಿಯಲ್ಲಿ ಕೈ ಎತ್ತಲಿಲ್ಲ. ಕೇಳಿದ್ದಕ್ಕೆ ಉತ್ತರ ಹೇಳುತ್ತಿದ್ದ, ಅಷ್ಟೆ. ನನಗೆ ಅದು ಗೊತ್ತಾಗುತ್ತಿತ್ತು. ಕರೆದು ಬೆನ್ನು ತಟ್ಟಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಮೇಷ್ಟರಾದವನ ಬಿಗುಮಾನ ಅದಕ್ಕೆ ಬಿಡಲಿಲ್ಲ. ಎಸ್.ಎಸ್.ಎಲ್.ಸಿ.ಯಲ್ಲಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾಗಿ, ಬಂದು ಕಾಲಿಗೆ ನಮಸ್ಕರಿಸಿ ಹೋದ.

2023ರ ಶರತ್ಕಾಲದಲ್ಲಿ ನಾನೂ ನನ್ನ ಶ್ರೀಮತಿಯೂ ಯೊಕೊಹಾಮಾದಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ಹೇಗೋ ಸುದ್ದಿ ತಿಳಿದು ಆ ಹುಡುಗ ಫೋನು ಮಾಡಿದ. ಹುಡುಗನೆಂದರೆ ಈಗ ನಲವತ್ತು ದಾಟಿದವನು, ಟೋಕಿಯೋದಲ್ಲಿ ಎಂಜಿನಿಯರು. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಅವನ ಜೊತೆಗೆ ಓದಿದವರಿಗೆ ಹೇಗೂ ತಿಳಿಯುತ್ತದೆ. ಭಾನುವಾರ ಸಿಹಿ ಹಿಡಿದುಕೊಂಡು ಮನೆಗೆ ಬಂದ. ಹೊರಡುವಾಗ, ‘ಸಾರ್, ಮುಂದಿನ ಶನಿವಾರ ಬಿಡುವು ಮಾಡಿಕೊಳ್ಳಿ, ಒಂದು ಕಡೆ ಕರೆದುಕೊಂಡು ಹೋಗ್ತೀನಿ’ ಎಂದ. ಯಾವುದೋ ಬೌದ್ಧ ದೇವಾಲಯವಿರಬೇಕೆಂದು ಭಾವಿಸಿ, ಒಗೆದ ಪಂಚೆ ಉಟ್ಟುಕೊಳ್ಳಲೋ ಬೇಡವೋ ಎಂದು ಶ್ರೀಮತಿಯನ್ನು ಕೇಳಿದೆ. ಪುಣ್ಯಕ್ಕೆ ಪ್ಯಾಂಟು ಹಾಕಿಕೊಂಡು ಹೋದೆ.

ರೈಲಿನಲ್ಲಿ ಕುಳಿತ ಮೇಲೆಯೇ ಅವನು ಗುಟ್ಟು ಬಿಟ್ಟುಕೊಟ್ಟದ್ದು. ನಾವು ಹೊರಟಿದ್ದುದು ಕೊರಾಕುಯೆನ್ ಹಾಲ್ ಎಂಬಲ್ಲಿಗೆ, ಕುಸ್ತಿ ನೋಡಲು. ‘ಸಾರ್, ಅಮೆರಿಕದ್ದನ್ನು ನೀವು ಟಿ.ವಿ.ಯಲ್ಲಿ ಕಂಡಿದ್ದೀರಿ. ಇಲ್ಲಿಯದೇ ಬೇರೆ. ಇವರು ಇದನ್ನು ಪುರೊರೆಸು ಅಂತಾರೆ’ ಎಂದ. ‘ಪ್ರೊಫೆಷನಲ್ ರೆಸ್ಲಿಂಗ್’ ಎಂಬುದೇ ಜಪಾನೀಯರ ನಾಲಗೆಯ ಮೇಲೆ ಸವೆದು ಪುರೊರೆಸು ಆಗಿದೆಯಂತೆ. ಅನಂತರ ಅವನು ಪಾಠ ಮಾಡಿದ, ನಾನು ಕೇಳಿದೆ. ಮೂರನೆಯ ಬೆಂಚು ಈಗ ನನ್ನದಾಗಿತ್ತು.

ಈ ಕಥೆಯ ಮೂಲಪುರುಷ ರಿಕಿಡೋಜಾನ್. 1924ರಲ್ಲಿ ಹುಟ್ಟಿದವನು, ಮೊದಲು ಸುಮೋ ಮಲ್ಲ. 1950ರಲ್ಲಿ ಸುಮೋ ಬಿಟ್ಟು ಈ ಹೊಸ ಕುಸ್ತಿಗೆ ಬಂದ. 1954ರ ಫೆಬ್ರವರಿಯಲ್ಲಿ ಅವನೂ ಜೂಡೋ ಪಟು ಕಿಮುರಾ ಮಸಾಹಿಕೊನೂ ಸೇರಿ ಶಾರ್ಪ್ ಸಹೋದರರೆಂಬ ಇಬ್ಬರು ದೈತ್ಯರನ್ನು ಎದುರಿಸಿದರು. ಜಪಾನಿನಲ್ಲಿ ಟಿ.ವಿ. ಪ್ರಸಾರ ಆರಂಭವಾಗಿ ಆಗ ಒಂದು ವರ್ಷವಾಗಿತ್ತಷ್ಟೆ. ಮನೆಗಳಲ್ಲಿ ಟಿ.ವಿ. ಇರಲಿಲ್ಲ, ಬೀದಿಯ ಚೌಕಗಳಲ್ಲಿ ನಿಲ್ಲಿಸಿದ್ದ ಪೆಟ್ಟಿಗೆಗಳ ಮುಂದೆ ಜನ ಜಾತ್ರೆಯಂತೆ ನೆರೆದರು. ಯುದ್ಧದಲ್ಲಿ ಸೋತು, ಅಮೆರಿಕದ ಸೈನ್ಯದ ಆಡಳಿತವನ್ನು ಏಳು ವರ್ಷ ಸಹಿಸಿದ್ದ ಜನ ಅವರು. ತಮ್ಮವನೊಬ್ಬ ಬಿಳಿಯ ದೈತ್ಯರನ್ನು ಕೈಯಂಚಿನಿಂದ ಕೊಚ್ಚಿ ಕೆಡಹುವುದನ್ನು ಕಂಡು ಅವರಿಗೆ ಎಷ್ಟು ಸಮಾಧಾನವಾಗಿರಬೇಕು! ಆದರೆ ನಿಜಸಂಗತಿ ಇಷ್ಟು: ಆ ‘ಅಮೆರಿಕನ್ನರು’ ಕೆನಡಾದವರು, ಜಪಾನಿನ ವೀರ ರಿಕಿಡೋಜಾನ್ ಹುಟ್ಟಿನಿಂದ ಕೊರಿಯಾದವನು. ಆ ಸಂಗತಿಯನ್ನು ಅವನು ಬದುಕಿರುವಷ್ಟು ಕಾಲ ಜನರಿಂದ ಮರೆಮಾಚಲಾಗಿತ್ತು. ಕೊರಿಯಾದವರನ್ನು ಕೀಳಾಗಿ ಕಾಣುತ್ತಿದ್ದ ನಾಡಿನಲ್ಲಿ ಕೊರಿಯಾದವನೊಬ್ಬ ರಾಷ್ಟ್ರವೀರನಾಗಿ, ಆದರೆ ಅದನ್ನು ಯಾರಿಗೂ ಹೇಳಿಕೊಳ್ಳಲಾಗದೆ ಬದುಕಿದ. 1963ರ ಡಿಸೆಂಬರಿನಲ್ಲಿ ಟೋಕಿಯೋದ ಒಂದು ನೈಟ್ ಕ್ಲಬ್ಬಿನಲ್ಲಿ ಚೂರಿಯ ಇರಿತಕ್ಕೆ ಸಿಕ್ಕಿ, ಒಂದು ವಾರದ ಮೇಲೆ ತೀರಿಕೊಂಡ. ವಯಸ್ಸು 39. ಇಲ್ಲಿ ಯಾವುದು ಸುಳ್ಳು, ಯಾವುದು ನಿಜ ಎಂದು ಪರೀಕ್ಷೆಯಲ್ಲಿ ಪ್ರಶ್ನೆ ಕೇಳಿದರೆ ನಾನೂ ಉತ್ತರ ಬರೆಯಲಾರೆ.

ಅವನ ಶಿಷ್ಯರಿಬ್ಬರು 1960ರಲ್ಲಿ ಒಂದೇ ದಿನ ರಿಂಗಿಗೆ ಇಳಿದವರು. ಒಬ್ಬ ಬೇಸ್‌ಬಾಲ್ ಆಟಗಾರನಾಗಿದ್ದ ಮಹಾಕಾಯ ಜೈಂಟ್ ಬಾಬಾ, ಇನ್ನೊಬ್ಬ ಬ್ರೆಜಿಲಿಗೆ ವಲಸೆ ಹೋಗಿ ಹಿಂದಿರುಗಿದ್ದ ಆಂಟೊನಿಯೊ ಇನೋಕಿ. 1972ರಲ್ಲಿ ಇಬ್ಬರೂ ಬೇರೆಯಾಗಿ ಇನೋಕಿ ‘ನ್ಯೂ ಜಪಾನ್’ ಎಂಬ ಸಂಸ್ಥೆಯನ್ನೂ, ಬಾಬಾ ‘ಆಲ್ ಜಪಾನ್’ ಎಂಬುದನ್ನೂ ಕಟ್ಟಿದರು. ಅಣ್ಣತಮ್ಮಂದಿರು ಪಾಲಾದ ಹಾಗೆ. ಇನೋಕಿಯ ಪದ್ಧತಿಗೆ ‘ಸ್ಟ್ರಾಂಗ್ ಸ್ಟೈಲ್’ ಎಂದು ಹೆಸರು; ಒದೆತ, ಕೀಲುಗಳ ಮೇಲಿನ ಪಟ್ಟು, ನಿಜವಾದ ಹೋರಾಟದ ಬಿಸಿ. ಬಾಬಾನ ಸಂಸ್ಥೆಯಲ್ಲಿ ಬೆಳೆದ ಪದ್ಧತಿಗೆ ‘ಓಡೋ’, ಎಂದರೆ ರಾಜಮಾರ್ಗವೆಂದು ಹೆಸರು. ಆ ಪದ ಕೇಳಿದೊಡನೆ ಕನ್ನಡ ಓದಿದ ನನ್ನ ಕಿವಿ ನೆಟ್ಟಗಾಯಿತು. ನೃಪತುಂಗನ ಕಾಲದ ಮಾತು ಟೋಕಿಯೋದ ರೈಲಿನಲ್ಲಿ!

ಇನೋಕಿಯ ಹೆಸರು ನನಗೆ ತೀರ ಹೊಸದೇನಲ್ಲ. 1976ರ ಜೂನ್ 26ರಂದು ಟೋಕಿಯೋದ ಬುಡೋಕಾನ್ ಸಭಾಂಗಣದಲ್ಲಿ ಅವನು ಮುಹಮ್ಮದ್ ಅಲಿಯೊಡನೆ ಸೆಣಸಿದ ಸುದ್ದಿಯನ್ನು ಓದುವ ಕೊಠಡಿಯ ಪತ್ರಿಕೆಯಲ್ಲಿ ನೋಡಿದ ನೆನಪು ನನಗಿದೆ. ಹದಿನೈದು ಸುತ್ತುಗಳಲ್ಲಿ ಹೆಚ್ಚಿನ ಹೊತ್ತು ಇನೋಕಿ ನೆಲದ ಮೇಲೆ ಮಲಗಿಕೊಂಡೇ ಅಲಿಯ ಕಾಲಿಗೆ ಒದೆಯುತ್ತಿದ್ದ. ಪಂದ್ಯ ಸಮವಾಯಿತು, ಜಗತ್ತು ನಕ್ಕಿತು. ‘ಅದು ಸುಳ್ಳಲ್ಲ ಸಾರ್. ನಿಜವಾಗಿ ಹೋರಾಡಿದ್ದರಿಂದಲೇ ನೋಡೋಕೆ ಅಷ್ಟು ಬೇಸರವಾಗಿತ್ತು’ ಎಂದ ನನ್ನ ಶಿಷ್ಯ. ಅಲಿಯ ಕಾಲುಗಳು ಊದಿ ಆಸ್ಪತ್ರೆ ಸೇರಬೇಕಾಯಿತಂತೆ.

ಭಾರತದವರೂ ಈ ಕಥೆಯಲ್ಲಿದ್ದಾರೆ. ಟೆಂಟ್ ಸಿನಿಮಾದಲ್ಲಿ ನಾವೆಲ್ಲ ಬಾಯಿಬಿಟ್ಟು ನೋಡುತ್ತಿದ್ದ, ಮುಂದೆ ದೂರದರ್ಶನದ ರಾಮಾಯಣದಲ್ಲಿ ಹನುಮಂತನಾದ ದಾರಾಸಿಂಗರು 1950ರ ದಶಕದಲ್ಲಿಯೇ ಜಪಾನಿನ ಕಣದಲ್ಲಿ ಸೆಣಸಿದ್ದರು. ಪಂಜಾಬಿನಿಂದ ಕೆನಡಾಕ್ಕೆ ಹೋದ ಟೈಗರ್ ಜೀತ್ ಸಿಂಗ್ 1973ರಿಂದ ಜಪಾನೀಯರಿಗೆ ಸಿಂಹಸ್ವಪ್ನವಾದವರು. ಪೇಟ ಸುತ್ತಿ, ಕತ್ತಿಯನ್ನು ಬಾಯಲ್ಲಿ ಕಚ್ಚಿಕೊಂಡು ಪ್ರೇಕ್ಷಕರ ನಡುವೆ ನುಗ್ಗಿದರೆ ಜನ ಕುರ್ಚಿ ಬಿಟ್ಟು ಓಡುತ್ತಿದ್ದರಂತೆ. ಜಪಾನಿನಲ್ಲಿ ಅಂಥ ಖಳನಾಯಕರಾದವರ ಹೆಸರನ್ನು ಕೆನಡಾದ ಮಿಲ್ಟನ್ ಎಂಬ ಊರಿನವರು 2010ರಲ್ಲಿ ತಮ್ಮ ಒಂದು ಸರ್ಕಾರಿ ಶಾಲೆಗೆ ಇಟ್ಟಿದ್ದಾರೆ. ರಿಂಗಿನ ಹೊರಗೆ ಅವರು ಮಾಡಿದ ದಾನಧರ್ಮ ಅಷ್ಟು ದೊಡ್ಡದು. ನಮ್ಮ ಊರಿನ ಕುರುಕ್ಷೇತ್ರ ನಾಟಕದಲ್ಲಿ ಶಕುನಿಯ ಪಾತ್ರ ಮಾಡುತ್ತಿದ್ದವರು ಊರಿನ ಅತ್ಯಂತ ಸಾಧು ಮನುಷ್ಯ ಎಂಬುದು ನನಗೆ ನೆನಪಾಯಿತು.

ಇಷ್ಟರಲ್ಲಿ ಅವನು ಇನ್ನೊಂದು ಹೆಸರು ಹೇಳಿದ. ಕಾರ್ಲ್ ಗಾಚ್. ಬೆಲ್ಜಿಯಮ್ಮಿನವನು, 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಕುಸ್ತಿಯಾಡಿದವನು, ಮುಂದೆ ಜಪಾನಿನ ಪೈಲ್ವಾನರಿಗೆ ಗುರುವಾಗಿ ‘ಕುಸ್ತಿಯ ದೇವರು’ ಎಂದೇ ಹೆಸರಾದವನು. ಅವನು ಶಿಷ್ಯರಿಗೆ ಕಲಿಸಿದ್ದು ಯಂತ್ರಗಳ ಮೇಲಿನ ವ್ಯಾಯಾಮವನ್ನಲ್ಲ. ಭಾರತದ ಗರಡಿಗಳ ದಂಡ, ಬೈಠಕ್ ಮತ್ತು ಗದೆ ತಿರುಗಿಸುವ ಸಾಮುಗಳನ್ನು. ಇಂದಿಗೂ ಜಪಾನಿನ ಕುಸ್ತಿಶಾಲೆಗೆ ಸೇರುವ ಹುಡುಗ ಮೊದಲು ಮಾಡಬೇಕಾದದ್ದು ನೂರಾರು ಬೈಠಕ್. ಅದಕ್ಕೆ ಅಲ್ಲಿಯ ಹೆಸರೇ ‘ಹಿಂದೂ ಸ್ಕ್ವಾಟ್’.

‘ಅಂದರೆ...’ ಎಂದೆ ನಾನು.

‘ಬಸ್ಕಿ ಸಾರ್’ ಎಂದು ಅವನು ನಕ್ಕ. ‘ಇಲ್ಲಿ ಸೇರಬೇಕು ಅಂದರೆ ಸಾವಿರ ಹೊಡೀಬೇಕಾಗುತ್ತೆ. ನೀವು ಐವತ್ತಕ್ಕೇ ಬಿಟ್ಟುಬಿಟ್ಟಿರಿ.’

ನನಗೂ ನಗು ಬಂತು. ಆದರೆ ಅದು ಪೂರ್ಣವಾಗಿ ಹೊರಗೆ ಬರಲಿಲ್ಲ. ಇವನು ಆ ಸಂಖ್ಯೆಯನ್ನು ಮರೆತಿರಲಿಲ್ಲ.

ಸುಯಿದೊಬಾಶಿ ನಿಲ್ದಾಣದಲ್ಲಿ ಇಳಿದು ನಡೆದರೆ ಕೊರಾಕುಯೆನ್ ಹಾಲ್. 1962ರಲ್ಲಿ ಆರಂಭವಾದದ್ದು, ಒಂದು ಕಟ್ಟಡದ ಐದನೆಯ ಮಹಡಿಯಲ್ಲಿದೆ. ಸುಮಾರು ಎರಡು ಸಾವಿರ ಜನ ಹಿಡಿಸುವ ಹಳೆಯ ಸಭಾಂಗಣ. ಪಕ್ಕದಲ್ಲಿಯೇ ಟೋಕಿಯೋ ಡೋಮ್ ಎಂಬ ಬೃಹತ್ ಕ್ರೀಡಾಂಗಣವಿದೆ, ದೊಡ್ಡ ಕಂಪನಿಯವರು ಪ್ರತಿ ಜನವರಿ 4ರಂದು ಅಲ್ಲಿ ಕುಸ್ತಿಯ ಉತ್ಸವವನ್ನೇ ನಡೆಸುತ್ತಾರೆ. ‘ಆದರೆ ಕುಸ್ತಿಯ ಗುಡಿ ಇದು’ ಎಂದ ಶಿಷ್ಯ. ಅವನು ನನ್ನನ್ನು ಲಿಫ್ಟಿನಲ್ಲಿ ಕರೆದೊಯ್ಯದೆ, ಮಂಡಿನೋವಿನ ಮೇಲೂ ಮೆಟ್ಟಿಲು ಹತ್ತಿಸಿದ. ಗೋಡೆಗಳ ತುಂಬ ಅಭಿಮಾನಿಗಳು ವರ್ಷಾನುಗಟ್ಟಲೆ ಗೀಚಿದ ಹೆಸರುಗಳು, ಹಾರೈಕೆಗಳು. ನಮ್ಮ ಶಾಲೆಯ ಬೆಂಚುಗಳನ್ನು ಕಂಡಂತಾಯಿತು.

ಅಂದು ಇದ್ದದ್ದು ಚಿಕ್ಕ ಸಂಸ್ಥೆಯೊಂದರ ಪ್ರದರ್ಶನ. ಅಂಥವನ್ನು ‘ಇಂಡೀ’ ಎನ್ನುತ್ತಾರೆ. ದೊಡ್ಡ ಬಂಡವಾಳವಾಗಲಿ ದೊಡ್ಡ ಟಿ.ವಿ. ವಾಹಿನಿಯಾಗಲಿ ಬೆನ್ನಿಗಿಲ್ಲದ ಸ್ವತಂತ್ರ ಕಂಪನಿಗಳು. ನಮ್ಮ ವೃತ್ತಿನಾಟಕ ಕಂಪನಿಗಳ ಹಾಗೆ. ನನ್ನ ಎಡಕ್ಕೆ ಒಬ್ಬ ಅಜ್ಜಿ, ಮುಂದೆ ಇಬ್ಬರು ಕಾಲೇಜು ಹುಡುಗಿಯರು, ಪಕ್ಕದಲ್ಲಿ ಕಚೇರಿಯಿಂದ ನೇರವಾಗಿ ಬಂದಂತಿದ್ದ ಟೈ ಕಟ್ಟಿದ ಗೃಹಸ್ಥ. ಪಟುವಿನ ಹೆಸರು ಕೂಗಿದೊಡನೆ ನಾಲ್ಕೂ ದಿಕ್ಕಿನಿಂದ ಬಣ್ಣಬಣ್ಣದ ಕಾಗದದ ಸುರುಳಿಗಳು ರಿಂಗಿಗೆ ಹಾರಿದವು. ಕಪ್ಪು ಚಡ್ಡಿ ತೊಟ್ಟ ಎಳೆಯ ಹುಡುಗರು ಓಡಿ ಬಂದು ಅವನ್ನೆಲ್ಲ ಬಾಚಿ ಒಯ್ದರು. ಅವರು ಕಲಿಕೆಯ ಹುಡುಗರು. ಕುಸ್ತಿಶಾಲೆಯಲ್ಲಿಯೇ ವಾಸ, ಹಿರಿಯರ ಬಟ್ಟೆ ಒಗೆಯಬೇಕು, ‘ಚಾಂಕೋ’ ಎಂಬ ಸಾರು ಬೇಯಿಸಬೇಕು, ನೆಲ ಒರೆಸಬೇಕು. ವೇಷಭೂಷಣವಾಗಲಿ ವೈಯಾರದ ಪಟ್ಟುಗಳಾಗಲಿ ಅವರಿಗೆ ಸಲ್ಲದು. ಮೊದಲು ಬೀಳುವುದನ್ನು ಕಲಿಯಬೇಕು. ಈ ಪಾಠಕ್ರಮವನ್ನು ಬಿ.ಎಡ್.ನಲ್ಲಿ ನಮಗೆ ಯಾರೂ ಹೇಳಿರಲಿಲ್ಲ: ಮೊದಲ ಪಾಠ ಗೆಲ್ಲುವುದಲ್ಲ, ಪೆಟ್ಟಾಗದಂತೆ ಬೀಳುವುದು.

ಮೊದಲ ಪಂದ್ಯದಲ್ಲಿಯೇ ನಾನು ಬೆಚ್ಚಿದೆ. ಟಿ.ವಿ.ಯಲ್ಲಿ ಕೇಳದ ಸದ್ದು ಅಲ್ಲಿ ಕೇಳುತ್ತದೆ. ಬರಿಯ ಎದೆಯ ಮೇಲೆ ಬೀಳುವ ಅಂಗೈಯ ಏಟು ಗೋಣಿಚೀಲವನ್ನು ಬಂಡೆಗೆ ಬಡಿದಂತೆ ಕೇಳಿಸಿತು. ಐದು ನಿಮಿಷದಲ್ಲಿ ಎದೆ ಕೆಂಪಗಾಯಿತು. ಅದು ಬಣ್ಣವಲ್ಲ. ಮೂರನೆಯದು ಹೆಂಗಸರ ಪಂದ್ಯ. ನನ್ನ ವಿದ್ಯಾರ್ಥಿನಿಯರಿಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಜಪಾನಿನಲ್ಲಿ 1968ರಲ್ಲಿಯೇ ಹೆಂಗಸರದೇ ಕುಸ್ತಿ ಕಂಪನಿ ಹುಟ್ಟಿತ್ತು, 2005ರವರೆಗೆ ನಡೆಯಿತು. 1980ರ ದಶಕದಲ್ಲಿ ಚಿಗುಸಾ ನಾಗಾಯೊ ಮತ್ತು ಲಯನೆಸ್ ಅಸುಕಾ ಎಂಬ ಜೋಡಿಯನ್ನು ನೋಡಲು ಶಾಲಾ ಹುಡುಗಿಯರು ಸಾವಿರಗಟ್ಟಲೆ ಬರುತ್ತಿದ್ದರು. 1985ರಲ್ಲಿ ಒಸಾಕಾದಲ್ಲಿ ಡಂಪ್ ಮಾತ್ಸುಮೊಟೊ ಎಂಬ ಖಳನಾಯಕಿಗೆ ಸೋತು ಚಿಗುಸಾ ರಿಂಗಿನಲ್ಲಿಯೇ ತಲೆ ಬೋಳಿಸಿಕೊಳ್ಳಬೇಕಾದಾಗ ಆ ಹುಡುಗಿಯರು ಬಿಕ್ಕಿ ಬಿಕ್ಕಿ ಅತ್ತರು. ಆದರೆ ಇಪ್ಪತ್ತೈದು ಇಪ್ಪತ್ತಾರಕ್ಕೆ ನಿವೃತ್ತರಾಗಬೇಕೆಂಬುದು ಆ ಕಂಪನಿಯ ನಿಯಮ! ನನಗೆ ಅರವತ್ತಕ್ಕೆ ನಿವೃತ್ತಿಯಾದಾಗಲೇ ಕೈಕಾಲು ಕಟ್ಟಿದಂತಾಗಿತ್ತು. ಚಿಗುಸಾ ಅನಂತರ ಮರಳಿ ಬಂದು, ತನ್ನದೇ ಕಂಪನಿ ಕಟ್ಟಿ, ನಿಯಮವನ್ನೇ ಅರ್ಥಹೀನವಾಗಿಸಿದಳು.

ವಿರಾಮದಲ್ಲಿ ಶಿಷ್ಯ ಈ ಇಂಡೀ ಲೋಕದ ವಿಚಿತ್ರಗಳನ್ನು ವರ್ಣಿಸಿದ. ಅತ್ಸುಶಿ ಓನಿತಾ ಎಂಬವನು 1989ರಲ್ಲಿ ಒಂದು ಕಂಪನಿ ಕಟ್ಟಿ, ಹಗ್ಗಗಳ ಬದಲು ಮುಳ್ಳುತಂತಿ ಬಿಗಿದು, ಅದಕ್ಕೆ ಸಿಡಿಮದ್ದು ಕಟ್ಟಿ ಹೋರಾಡುತ್ತಿದ್ದನಂತೆ. ಆಮೇಲೆ ಸಂಸತ್ತಿನ ಮೇಲ್ಮನೆಯ ಸದಸ್ಯನೂ ಆದ. ನನಗೆ ಇದು ಹಿಡಿಸಲಿಲ್ಲ, ಹಾಗೆಂದು ಹೇಳಿದೆ. ಮೈಸೂರು ಅರಮನೆಯಲ್ಲಿ ವಿಜಯದಶಮಿಯಂದು ಜೆಟ್ಟಿಗಳು ವಜ್ರಮುಷ್ಟಿ ಕಾಳಗ ಆಡುತ್ತಾರೆ. ಅಲ್ಲಿ ರಕ್ತ ಕಂಡೊಡನೆ ಕಾಳಗ ನಿಲ್ಲುತ್ತದೆ. ಇಲ್ಲಿ ರಕ್ತ ಕಂಡ ಮೇಲೆ ಕಾಳಗ ಆರಂಭ. ‘ನನಗೂ ಅದು ಅಷ್ಟು ಸೇರೋಲ್ಲ ಸಾರ್’ ಎಂದು ಅವನು ಬೇರೆಯದನ್ನು ಹೇಳಿದ. ಈಶಾನ್ಯದ ಬಡ ಸೀಮೆಯಲ್ಲಿ ಊರೂರು ತಿರುಗುವ ‘ಮಿಚಿನೊಕು’ ಎಂಬ ಕಂಪನಿ ಕಟ್ಟಿದ ಗ್ರೇಟ್ ಸಾಸುಕೆ ಎಂಬ ಮುಖವಾಡದ ಪಟು 2003ರಲ್ಲಿ ಇವಾಟೆ ಪ್ರಾಂತದ ವಿಧಾನಸಭೆಗೆ ಆಯ್ಕೆಯಾಗಿ, ಮುಖವಾಡ ತೆಗೆಯದೆಯೇ ಸಭೆಯಲ್ಲಿ ಕುಳಿತನಂತೆ. 1997ರಲ್ಲಿ ಆರಂಭವಾದ ‘ಡಿ.ಡಿ.ಟಿ.’ ಎಂಬ ಕಂಪನಿಯಲ್ಲಿ ಯೊಶಿಹಿಕೊ ಎಂಬ ಒಬ್ಬ ಪಟುವಿದ್ದಾನೆ, ಅವನು ಮನುಷ್ಯನೇ ಅಲ್ಲ, ಒಂದು ಬೊಂಬೆ. ಕೋಟಾ ಇಬುಶಿ ಎಂಬ ನುರಿತ ಪಟು ಆ ಬೊಂಬೆಯೊಡನೆ ಆಡಿದ ಪಂದ್ಯವನ್ನು ಅವನು ಫೋನಿನಲ್ಲಿ ತೋರಿಸಿದ. ನಿರ್ಜೀವ ಬೊಂಬೆ ತನ್ನನ್ನು ಎತ್ತಿ ಒಗೆಯಿತೆಂದು ನಾವು ನಂಬುವಂತೆ ಅವನು ಗಾಳಿಯಲ್ಲಿ ಹಾರಿ ಬೆನ್ನಿನ ಮೇಲೆ ಬೀಳುತ್ತಾನೆ. ಮೊದಲು ನಕ್ಕೆ. ಆಮೇಲೆ ಹೊಳೆಯಿತು: ಎದುರಾಳಿ ಸುಳ್ಳು, ಏಟು ಸುಳ್ಳು, ಆದರೆ ಆ ಮನುಷ್ಯನ ಬೆನ್ನು ನೆಲಕ್ಕೆ ಬಡಿದದ್ದು?

ಪಂದ್ಯಗಳು ಮುಗಿದ ಮೇಲೆ ಅದೇ ಪಟುಗಳು ಬೆವರು ಒರೆಸಿಕೊಂಡು ಮೊಗಸಾಲೆಯಲ್ಲಿ ಮೇಜು ಹಾಕಿಕೊಂಡು ಕುಳಿತು ತಮ್ಮ ಭಾವಚಿತ್ರವನ್ನೂ ಅಂಗಿಗಳನ್ನೂ ತಾವೇ ಮಾರಿದರು. ನನ್ನ ಪಕ್ಕದ ಅಜ್ಜಿ ಒಬ್ಬನ ಕೆನ್ನೆ ಸವರಿ ಏನೋ ಬುದ್ಧಿ ಹೇಳುತ್ತಿದ್ದಳು.

ಆಮೇಲೆ ಒಂದು ಚಿಕ್ಕ ಶಾವಿಗೆಯಂಗಡಿಯಲ್ಲಿ ಕುಳಿತೆವು. ನನಗೆ ತಡೆಯಲಾಗಲಿಲ್ಲ. ‘ಅವತ್ತು ನೀನು ಏನೋ ಹೇಳೋಕೆ ಹೊರಟಿದ್ದೆ. ಗೊತ್ತು ಸಾರ್, ಆದರೆ... ಅಂತ. ಏನದು?’ ಎಂದು ಕೇಳಿದೆ.

ಅವನು ಸ್ವಲ್ಪ ಹೊತ್ತು ಬಟ್ಟಲನ್ನೇ ನೋಡುತ್ತಿದ್ದ. ‘ಅಯ್ಯೋ, ಅದಾ ಸಾರ್. ಗೊತ್ತು ಸಾರ್, ಆದರೆ ಬೀಳೋದು ನಿಜ ತಾನೆ? ಅಂತ ಕೇಳೋಣ ಅಂತಿದ್ದೆ. ಗೆಲ್ಲೋದು ಸುಳ್ಳಾದರೂ ಬೀಳೋದು ನಿಜ ಅಲ್ವಾ, ನೋವಾದರೂ ಯಾಕೆ ಬೀಳ್ತಾರೆ, ಅಂತ ನಿಮ್ಮನ್ನ ಕೇಳಬೇಕು ಅನ್ನಿಸಿತ್ತು. ನಿಮಗೆ ಎಲ್ಲ ಗೊತ್ತಿರುತ್ತೆ ಅಂದುಕೊಂಡಿದ್ದೆ’ ಎಂದ.

ಹದಿನಾಲ್ಕು ವರ್ಷದ ಹುಡುಗ ಕೇಳಬಹುದಾದ ಅದಕ್ಕಿಂತ ಉತ್ತಮ ಪ್ರಶ್ನೆಯನ್ನು ನಾನು ನನ್ನ ಇಡೀ ವೃತ್ತಿಜೀವನದಲ್ಲಿ ಕೇಳಿಲ್ಲ. ಅದನ್ನು ನಾನು ಅರ್ಧದಲ್ಲಿಯೇ ಕತ್ತರಿಸಿದ್ದೆ.

ಅನಂತರ ಅವನು ಮಿತ್ಸುಹಾರು ಮಿಸಾವಾನ ಕಥೆ ಹೇಳಿದ. ರಾಜಮಾರ್ಗದ ನಾಲ್ಕು ಕಂಬಗಳೆಂದು ಹೆಸರಾದವರಲ್ಲಿ ಒಬ್ಬನು. ಬಾಬಾ 1999ರಲ್ಲಿ ತೀರಿಕೊಂಡ ಮೇಲೆ, 2000ದಲ್ಲಿ ಹೊರಬಂದು ‘ನೋಆ’ ಎಂಬ ಸಂಸ್ಥೆ ಕಟ್ಟಿದ. ಅದರ ಅಧ್ಯಕ್ಷನೂ ಅವನೇ, ಜನ ನೋಡಲು ಬರುತ್ತಿದ್ದುದೂ ಅವನನ್ನೇ. ಕುತ್ತಿಗೆಯ ಮೇಲೆ ಬೀಳುವಂಥ ಅಪಾಯದ ಪಟ್ಟುಗಳನ್ನು ವರ್ಷಾನುಗಟ್ಟಲೆ ತಾಳಿ ದೇಹ ಜರ್ಜರಿತವಾಗಿತ್ತು. ಆದರೂ ಕಂಪನಿ ಉಳಿಯಬೇಕು, ನಂಬಿ ಬಂದವರ ಮನೆ ನಡೆಯಬೇಕು. 2009ರ ಜೂನ್ 13ರಂದು ಹಿರೋಶಿಮಾದಲ್ಲಿ, ಸಾವಿರ ಸಲ ಬಿದ್ದಿದ್ದ ರೀತಿಯದೇ ಒಂದು ಪಟ್ಟಿನಲ್ಲಿ ಬಿದ್ದು ಮತ್ತೆ ಏಳಲಿಲ್ಲ. ಕುತ್ತಿಗೆಯ ನರಹುರಿಗೆ ಪೆಟ್ಟಾಗಿತ್ತು. ವಯಸ್ಸು 46. ಅವನ ಜೊತೆಗಾರ ಕೆಂತಾ ಕೊಬಾಶಿ ಎಂಬವನಿಗೆ 2006ರಲ್ಲಿ ಮೂತ್ರಪಿಂಡದ ಕ್ಯಾನ್ಸರ್. 2007ರ ಡಿಸೆಂಬರಿನಲ್ಲಿ ಅವನು ಮತ್ತೆ ಬುಡೋಕಾನಿನ ರಿಂಗಿಗೆ ಬಂದಾಗ ಸಭೆ ಕಣ್ಣೀರಿನಲ್ಲಿ ತೊಯ್ದಿತು. ಅಂದಿನ ಪಂದ್ಯದಲ್ಲಿ ಅವನು ಗೆಲ್ಲಲಿಲ್ಲ. ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಇದೇ ಕೊಬಾಶಿ 2005ರಲ್ಲಿ ನ್ಯೂಯಾರ್ಕಿನ ಒಂದು ಹೋಟೆಲಿನ ಸಭಾಂಗಣದಲ್ಲಿ, ಅಮೆರಿಕದ ಚಿಕ್ಕ ಕಂಪನಿಯೊಂದಕ್ಕಾಗಿ ಸಮೋವಾ ಜೋ ಎಂಬವನೊಡನೆ ಆಡಿದ ಪಂದ್ಯವನ್ನು ನಾನು ಆಮೇಲೆ ನೋಡಿದೆ. ಭಾಷೆ ತಿಳಿಯದ ಊರಿನ ಜನ ಅವನ ಹೆಸರು ಹಿಡಿದು ಕೂಗುತ್ತಿದ್ದರು.

ಮಾತಿನ ಪೆಟ್ಟೂ ನಿಜವೇ. ಹನಾ ಕಿಮುರಾ ಎಂಬ 22 ವರ್ಷದ ಕುಸ್ತಿಪಟು ಟಿ.ವಿ.ಯ ರಿಯಾಲಿಟಿ ಕಾರ್ಯಕ್ರಮವೊಂದರಲ್ಲಿ ಕಾಣಿಸಿಕೊಂಡ ಮೇಲೆ, ಅಂತರ್ಜಾಲದಲ್ಲಿ ಮುಖವಿಲ್ಲದ ಜನ ಸುರಿದ ನಿಂದನೆಗೆ ನೊಂದು 2020ರ ಮೇ ತಿಂಗಳಲ್ಲಿ ಪ್ರಾಣ ಕಳೆದುಕೊಂಡಳು. ಅವಳ ತಾಯಿ, ತಾನೂ ಕುಸ್ತಿಪಟುವಾಗಿದ್ದವಳು, ಸುಮ್ಮನಿರಲಿಲ್ಲ. 2022ರಲ್ಲಿ ಜಪಾನಿನ ಸಂಸತ್ತು ಸಾರ್ವಜನಿಕ ನಿಂದನೆಗೆ ಒಂದು ವರ್ಷದವರೆಗೆ ಸೆರೆವಾಸ ವಿಧಿಸುವಂತೆ ಕಾನೂನನ್ನು ತಿದ್ದಿತು. ರಿಂಗಿನಲ್ಲಿ ಎತ್ತಿ ಒಗೆಯುವವನಾದರೂ ಎದುರಾಳಿಯ ತಲೆಯನ್ನು ಕಾಪಾಡುತ್ತಾನೆ. ಮಾತು ಒಗೆಯುವವರಿಗೆ ಆ ಎಚ್ಚರವಿಲ್ಲ. ಇದನ್ನು ಬರೆಯುವಾಗ ಮೇಷ್ಟರಾಗಿದ್ದ ನನ್ನ ನಾಲಗೆಯೂ ನನಗೆ ನೆನಪಾಗುತ್ತಿದೆ.

ಬೀಳುಕೊಡುವಾಗ ಅವನು ಇನ್ನೊಂದು ಕಥೆ ಹೇಳಿದ. ನನಗೆ ಅತ್ಯಂತ ಪ್ರಿಯವಾದದ್ದು ಅದು. 1960ರ ದಶಕದ ಕೊನೆಯಲ್ಲಿ ‘ಟೈಗರ್ ಮಾಸ್ಕ್’ ಎಂಬ ಚಿತ್ರಕಥೆ ಜಪಾನಿನಲ್ಲಿ ಪ್ರಸಿದ್ಧವಾಗಿತ್ತು. ಅದರ ನಾಯಕ ನಾವೊತೊ ದಾತೆ ಅನಾಥಾಲಯದಲ್ಲಿ ಬೆಳೆದವನು. ಹುಲಿಯ ಮುಖವಾಡ ತೊಟ್ಟು ಕುಸ್ತಿಯಾಡಿ, ಗಳಿಸಿದ್ದನ್ನು ಅನಾಥ ಮಕ್ಕಳಿಗೆ ಕೊಡುತ್ತಾನೆ. 1981ರಲ್ಲಿ ಸತೊರು ಸಾಯಾಮಾ ಎಂಬ ಪಟು ನಿಜವಾದ ರಿಂಗಿಗೆ ಅದೇ ಮುಖವಾಡ ತೊಟ್ಟು ಇಳಿದ. ಇಷ್ಟಾದರೆ ವ್ಯಾಪಾರ. ಆದರೆ 2010ರ ಕ್ರಿಸ್‌ಮಸ್ ದಿನ ಗುನ್ಮಾ ಪ್ರಾಂತದ ಮಕ್ಕಳ ಪಾಲನಾ ಕೇಂದ್ರವೊಂದರ ಬಾಗಿಲಲ್ಲಿ ಹತ್ತು ಹೊಸ ಶಾಲಾಚೀಲಗಳು ಕಂಡವು. ಜೊತೆಯಲ್ಲಿದ್ದ ಚೀಟಿಯಲ್ಲಿ ಕೊಟ್ಟವನ ಹೆಸರು: ನಾವೊತೊ ದಾತೆ. ಸುದ್ದಿ ಹರಡಿದೊಡನೆ ದೇಶದ ಎಲ್ಲೆಡೆ ಅನಾಮಧೇಯರು ಅದೇ ಹೆಸರಿನಲ್ಲಿ ಚೀಲ, ಪುಸ್ತಕ, ಪೆನ್ಸಿಲು, ಹಣ ಇಟ್ಟು ಹೋಗತೊಡಗಿದರು. ಮೊದಲು ಚೀಲ ಇಟ್ಟವನು 2016ರಲ್ಲಿ ಮುಖ ತೋರಿದ. ಅವನೊಬ್ಬ ಸಾಮಾನ್ಯ ನೌಕರ.

ಇಲ್ಲದ ಮನುಷ್ಯನ ಹೆಸರು, ಇಲ್ಲದ ಹುಲಿಯ ಮುಖ. ಚೀಲ ಮಾತ್ರ ನಿಜ, ಅದನ್ನು ಹೆಗಲಿಗೇರಿಸಿಕೊಂಡು ಶಾಲೆಗೆ ಹೋದ ಮಗು ನಿಜ. ನಮ್ಮೂರಿನ ಕುರುಕ್ಷೇತ್ರ ನಾಟಕದಲ್ಲಿ ಕರ್ಣ ಸಾಯುತ್ತಾನೆಂದು ತಿಳಿದಿದ್ದೂ ಬೆಳಗಿನ ಜಾವ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ ನನ್ನ ತಾಯಿಗೆ ನಾನೆಂದೂ ‘ಇದು ಸುಳ್ಳು’ ಎಂದು ಹೇಳಿರಲಿಲ್ಲ. ಆ ಹುಡುಗನಿಗೆ ಮಾತ್ರ ಏಕೆ ಹೇಳಿದೆ? ಕರ್ಣ ನಮ್ಮವನು, ಕಾರ್ಡಿನ ಮೇಲಿದ್ದವನು ಪರಕೀಯ ಎಂದಿರಬೇಕು. ನಾನು ಅಂದು ಹರಿದದ್ದು ಕುಸ್ತಿಯ ಕಾರ್ಡನ್ನಲ್ಲ, ಒಬ್ಬ ಹುಡುಗನ ಕುರುಕ್ಷೇತ್ರವನ್ನು.

ಪ್ಲಾಟ್‌ಫಾರಮ್ಮಿನಲ್ಲಿ ರೈಲು ಬರುವ ಮೊದಲು, ‘ಅವತ್ತು ತಪ್ಪು ಮಾಡಿದೆ ಕಣಪ್ಪ’ ಎಂದೆ. ಅವನು ಗಾಬರಿಯಾಗಿ, ‘ಬಿಡಿ ಸಾರ್, ಏನು ಮಾತು’ ಎಂದು ನನ್ನ ಕೈ ಹಿಡಿದುಕೊಂಡ. ಬಿಡಿಸಿಕೊಳ್ಳಲಿಲ್ಲ, ರೈಲು ಬರುವವರೆಗೂ ಹಾಗೆಯೇ ನಿಂತಿದ್ದೆವು.

ಮಾರನೆಯ ಬೆಳಿಗ್ಗೆ ಮಗಳ ಮನೆಯಲ್ಲಿ ಕುರ್ಚಿಯ ಬೆನ್ನು ಹಿಡಿದುಕೊಂಡು ಬಸ್ಕಿ ಹೊಡೆಯಲು ಆರಂಭಿಸಿದೆ. ಮೊಮ್ಮಗ ಪಕ್ಕದಲ್ಲಿ ನಿಂತು ‘ಇಚಿ, ನಿ, ಸಾನ್’ ಎಂದು ಜಪಾನಿ ಭಾಷೆಯಲ್ಲಿ ಎಣಿಸಿದ. ಐದಕ್ಕೆ ಮಂಡಿ ಮುಷ್ಕರ ಹೂಡಿತು. ‘ಈ ವಯಸ್ಸಿನಲ್ಲಿ ಇದೆಂಥ ಹುಚ್ಚು’ ಎಂದು ಶ್ರೀಮತಿ ಗದರಿದಳು. ದಿನಕ್ಕೆ ಐದರಂತೆ ಹತ್ತು ದಿನಕ್ಕೆ ಐವತ್ತು ತೀರಿಸಿದೆ. ಸಾಲ ತೀರಿತೆಂದು ನಾನು ಹೇಳುವುದಿಲ್ಲ.

ನನ್ನಲ್ಲಿ ಓದಿದ ಮಕ್ಕಳೇ, ನಿಮ್ಮಲ್ಲಿ ಯಾರ ಮಾತನ್ನಾದರೂ ನಾನು ‘ಆದರೆ’ ಎಂಬಲ್ಲಿಗೇ ನಿಲ್ಲಿಸಿದ್ದರೆ, ಅದರ ಮುಂದಿನ ಭಾಗವನ್ನು ಈಗ ಹೇಳಿ. ಕಾಗದ ಬರೆಯಿರಿ, ಫೋನು ಮಾಡಿ, ಈ ಕಡೆ ಬಂದಾಗ ಮನೆಗೆ ಬನ್ನಿ. ಈಗ ನನಗೆ ಪಾಠ ಮುಗಿಸುವ ಅವಸರವಿಲ್ಲ. ಪೂರ್ತಿ ಕೇಳುತ್ತೇನೆ.